ಹಿಂದಿನ ಸೀಟಿನ ಐವರು

ಬಸ್ಸಿನಿಂದ ಇಳಿಸಿದ್ದು ಐವರನ್ನು. ಐವರೂ ಕರಿಯರು. ಐವರೂ ಹಿಂದಿನ ಉದ್ದ ಸೀಟಿನಲ್ಲಿ ಕೂತಿದ್ದವರು.

ಚೆಕ್‌ಪೋಸ್ಟಿನಲ್ಲಿ ಹತ್ತಿದ ಸೈನಿಕ ಮುಂದಿನವರ ಮುಖ ಕೂಡ ನೋಡಲಿಲ್ಲ. ಯಾರ ಕಾಗದವನ್ನೂ ಕೇಳಲಿಲ್ಲ. ಸೀಟುಗಳ ನಡುವೆ ನೆಟ್ಟಗೆ ಹಿಂದಕ್ಕೆ ಬಂದ. ಬಂದೂಕಿನ ಮೂತಿಯನ್ನು ಈ ಕೊನೆಯಿಂದ ಆ ಕೊನೆಗೆ ಆಡಿಸಿದ.

"ನೀವಿಷ್ಟೂ ಜನ. ಇಳೀರಿ."

ಅವನೂ ಕರಿಯನೇ. ಅವನ ಅಜ್ಜಿಯನ್ನು ತಂದು ಆ ಸೀಟಿನಲ್ಲಿ ಕೂರಿಸಿದ್ದರೆ ಅವಳೂ ಇಳಿಯಬೇಕಾಗುತ್ತಿತ್ತು.

ಮರ್ಸೀಲಿಯಾ ಪಿಯೆ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಭುಜಕ್ಕೆ ಒರಗಿ ತಾಯಿ ಸೊಲಾಂಜ್ ತೂಕಡಿಸುತ್ತಿದ್ದಳು. ಮುದುಕಿಯ ಎರಡೂ ಕಣ್ಣಿಗೆ ಪೊರೆ. ಎದುರು ನಿಂತವರು ಗಂಡಸೋ ಹೆಂಗಸೋ ತಿಳಿಯದಷ್ಟು ಮಬ್ಬು. ರಾಜಧಾನಿಯ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಎಂಟು ತಿಂಗಳು ಕಾದು ಸಿಕ್ಕ ದಿನ. ಅದು ಇವತ್ತೇ.

ಮರ್ಸೀಲಿಯಾ ಹೆದರಲಿಲ್ಲ. ಅವಳ ರವಿಕೆಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡಿತ್ತು. ಅದಕ್ಕಾಗಿ ಆರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದಿದ್ದಳು. ಹುಟ್ಟಿದ್ದು ಇಲ್ಲೇ, ಕಬ್ಬಿನ ಗದ್ದೆಗಳ ನಡುವಿನ ಕೂಲಿ ಕೇರಿಯಲ್ಲಿ. ಆದರೆ ನಿನ್ನ ಅಪ್ಪ-ಅವ್ವ ಗಡಿಯಾಚೆಯ ಹೈತಿಯಿಂದ ಬಂದ ದಾರಿಹೋಕರು, ದಾರಿಹೋಕರ ಮಕ್ಕಳು ಈ ದೇಶದವರಲ್ಲ ಎಂದಿದ್ದರು ಕಚೇರಿಯವರು. ಅಪ್ಪ ನಲವತ್ತು ವರ್ಷ ಕಬ್ಬು ಕಡಿದು ಇಲ್ಲಿಯ ಮಣ್ಣಿಗೇ ಹೋದ. ಎಂಥ ಉದ್ದದ ದಾರಿಯೋ ಅದು. ಕೊನೆಗೂ ಕಾರ್ಡು ಬಂದಿತ್ತು. ಫೋಟೋ, ಹೆಸರು, ಹುಟ್ಟಿದ ಊರು. ದೊಮಿನಿಕನ್.

"ನಾನು ಇಲ್ಲಿಯೋಳು. ತಗೋ, ನೋಡು."

ಸೈನಿಕ ಕಾರ್ಡನ್ನು ತಿರುಗಿಸಿ ನೋಡಿದ. "ಇಂಥವು ಸಂತೇಲಿ ಸಿಗ್ತವೆ," ಅಂದ. ಜೇಬಿಗೆ ಹಾಕಿಕೊಂಡ.

"ಕೊಡು ಇಲ್ಲಿ!"

"ನಡಿ ಕರಿಯಮ್ಮ. ಕೆಳಗೆ ಮಾತಾಡಾಣ."

ಆಗ ಅವಳು ಡ್ರೈವರನ್ನು ಕೂಗಿದಳು. "ಇಸೀದ್ರೋ! ಹೇಳೋ ಇವನಿಗೆ. ನಾವ್ಯಾರು ಹೇಳು."

ಇಸೀದ್ರೋ ಪರಕೀಯನಲ್ಲ. ಅವನ ಅಪ್ಪ ಕಬ್ಬಿನ ಗದ್ದೆಯ ಮೇಸ್ತ್ರಿಯಾಗಿದ್ದ. ಇಸೀದ್ರೋ ಹುಟ್ಟಿದ ವಾರಕ್ಕೆ ಅವನ ತಾಯಿಗೆ ಬಾಣಂತಿ ಜ್ವರ ಬಂತು. ಎದೆ ಬತ್ತಿತು. ಡಬ್ಬಿ ಹಾಲು ತಂದರೆ ಕೂಸು ಕಕ್ಕಿತು. ಮೇಸ್ತ್ರಿ ಕೂಸನ್ನೆತ್ತಿಕೊಂಡು ಕೇರಿಗೆ ಬಂದ. ಆಗ ಸೊಲಾಂಜ್‌ಳ ಮಡಿಲಲ್ಲಿ ಮೂರು ತಿಂಗಳ ಮರ್ಸೀಲಿಯಾ. ಸೊಲಾಂಜ್ ದಿನವಿಡೀ ಗಂಡಸರ ಸಮಕ್ಕೆ ಕಬ್ಬು ಕಡಿದು ಬರುತ್ತಿದ್ದಳು. ಸುಟ್ಟ ಕಬ್ಬಿನ ಮಸಿ ಮೆತ್ತಿದ ರವಿಕೆ ಬಿಚ್ಚಿ, ಎದೆ ತೊಳೆದುಕೊಂಡು, ಮೊದಲು ಮೇಸ್ತ್ರಿಯ ಮಗನಿಗೆ ಕುಡಿಸುತ್ತಿದ್ದಳು. ಉಳಿದರೆ ತನ್ನ ಮಗಳಿಗೆ. ಒಂದೂವರೆ ವರ್ಷ ಹೀಗೆ ನಡೆಯಿತು. ಇಸೀದ್ರೋಗೆ ಮಾತು ಬಂದಾಗಿನಿಂದ ಅವಳು 'ಹಾಲವ್ವ'. ಮರ್ಸೀಲಿಯಾ 'ಅಕ್ಕ'.

ಭಾನುವಾರ ಅವನೇ ಕೇರಿಗೆ ಬಂದು ಹೇಳಿದ್ದ. "ಮಂಗಳವಾರ ನನ್ನ ಬಸ್ಸಿಗೇ ಬಾ ಹಾಲವ್ವ. ನನ್ನ ಬಸ್ಸಲ್ಲಿ ನಿನ್ನ ಯಾವನು ಮುಟ್ತಾನೆ?" ಬೆಳಿಗ್ಗೆ ತಾನೇ ಕೈಹಿಡಿದು ಹತ್ತಿಸಿದ್ದ. "ಹಿಂದಿನ ಸೀಟಿಗೆ ಹೋಗಿ. ಕಾಲು ಚಾಚ್ಕೋಬೋದು," ಅಂದಿದ್ದ.

ಈಗ ಸೈನಿಕ ಅವನತ್ತ ತಿರುಗಿದ. "ಏನಯ್ಯಾ, ನಿನ್ನ ಕಡೆಯೋರಾ?"

ಇಸೀದ್ರೋ ತಿರುಗಿ ನೋಡಲಿಲ್ಲ. ಬಟ್ಟೆ ತಗೊಂಡು ಸ್ಟೇರಿಂಗ್ ಒರೆಸಿದ.

"ಕ್ರಾಸಲ್ಲಿ ಕೈ ತೋರಿಸಿದ್ರು ಸಾರ್, ಹತ್ತಿಸ್ಕೊಂಡೆ. ಯಾರೋ ಏನೋ."

ಸೊಲಾಂಜ್ ಎಚ್ಚರವಾಗಿದ್ದಳು. ದನಿಯ ಗುರುತು ಹಿಡಿದು ಆ ಕಡೆ ಮುಖ ಮಾಡಿದಳು. "ಇಸೀದ್ರೋ, ನಾನು ಕಣೋ ಮಗಾ."

ಇಸೀದ್ರೋ ರೇಡಿಯೋದ ದನಿ ಏರಿಸಿದ.

ಮುಂದಿನ ಸೀಟಿನ ಹೆಂಗಸೊಬ್ಬಳು ವ್ಯಾನಿಟಿ ಬ್ಯಾಗನ್ನು ಎದೆಗವಚಿಕೊಂಡು ದಾರಿ ಬಿಟ್ಟಳು. ಯಾರೋ ಗೊಣಗಿದರು: "ಬೇಗ ಇಳೀರಮ್ಮ. ನಮಗೆ ಹೊತ್ತಾಗುತ್ತೆ."

ಇಳಿಸಿದರು. ಬಸ್ಸು ಹೋಯಿತು. ಆಸ್ಪತ್ರೆಯ ಕಾಗದ, ಬೇಯಿಸಿದ ಬಾಳೆಕಾಯಿಯ ಡಬ್ಬಿ ಇದ್ದ ಚೀಲವೂ ಅದರಲ್ಲೇ ಹೋಯಿತು.

*

ಲಾರಿಯ ಸುತ್ತ ಕಬ್ಬಿಣದ ಜಾಲರಿ ಇತ್ತು. ಮೇಲೆ ತಗಡಿರಲಿಲ್ಲ. ಮೂವತ್ತು ಜನರನ್ನು ನಿಲ್ಲಿಸಿ ತುಂಬಿದ್ದರು. ಕೂರಲು ಜಾಗವಿಲ್ಲ. ಉಚ್ಚೆ ಹೊಯ್ಯಲು ಇಳಿಸಲಿಲ್ಲ. ಒಬ್ಬ ಹುಡುಗಿ ನಿಂತಲ್ಲೇ ಮಾಡಿಕೊಂಡು ಮುಖ ಮುಚ್ಚಿಕೊಂಡಳು. ಮರ್ಸೀಲಿಯಾ ಜಾಲರಿಗೆ ಎರಡೂ ಕೈ ಊರಿ ನಿಂತು, ಆ ಕೈಗಳ ನಡುವೆ ಅವ್ವನನ್ನು ನಿಲ್ಲಿಸಿಕೊಂಡಳು. ಲಾರಿ ಕುಲುಕಿದಾಗೆಲ್ಲ ಬೆನ್ನ ಮೇಲೆ ಜನ ಬೀಳುತ್ತಿದ್ದರು.

ಪಕ್ಕದಲ್ಲಿ ಒಬ್ಬ ಗಾರೆಯವನು ನಿಂತಿದ್ದ. ತೋಳಿನವರೆಗೆ ಸಿಮೆಂಟು ಒಣಗಿತ್ತು. ಕೆಲಸದಿಂದಲೇ ಎಳೆದು ತಂದಿದ್ದರು.

"ಯಾವ ಬಸ್ಸು?" ಕೇಳಿದ.

ಹೇಳಿದಳು.

"ಹಿಂದಿನ ಸೀಟಲ್ಲಿ ಕೂರಿಸಿದ್ನಾ?"

"ಹೂಂ."

"ಅದು ಕೊಡೋ ಸೀಟು ಕಣಮ್ಮ. ದಿನಕ್ಕಿಷ್ಟು ಜನ ಅಂತ ಇವರು ಹಿಡೀಲೇಬೇಕು. ಐದು ಜನರನ್ನ ಕೊಟ್ಟ ಬಸ್ಸನ್ನ ವಾರ ಪೂರ್ತಿ ತಡೆಯಲ್ಲ. ಕೊಡದೆ ಇದ್ದರೆ ಬಸ್ಸನ್ನೇ ಹಿಡಿದು ಹಾಕ್ತಾರೆ. ಗೊತ್ತಿರಲಿಲ್ವಾ ನಿನಗೆ?"

ಗೊತ್ತಿರಲಿಲ್ಲ. ಮರ್ಸೀಲಿಯಾ ಎಣಿಸಿದಳು. ಕೇರಿಯ ಕ್ರಾಸಿನಲ್ಲಿ ಬಸ್ಸು ನಿಂತಾಗ ಹಿಂದಿನ ಸೀಟಿನಲ್ಲಿ ಮೂವರು ಇದ್ದರು. ಎರಡು ಕಡಿಮೆ ಬಿದ್ದಿತ್ತು.

ಹಾಗಾದರೆ ಭಾನುವಾರವೇ ಅವನು ಲೆಕ್ಕ ಹಾಕಿದ್ದ.

ಅವ್ವನಿಗೂ ಕೇಳಿಸಿತ್ತು. "ಅವನೆಲ್ಲಿ ಹಂಗೆ ಮಾಡ್ತಾನೆ," ಅಂದಳು. "ಹೆದರಿದ ಅಷ್ಟೇ."

"ಸುಮ್ನಿರವ್ವ."

ಗಡಿಗೆ ಹೋಗುವ ರಸ್ತೆ ಅವಳ ಕೇರಿಯ ಮುಂದೆಯೇ ಹಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಲಾರಿ ಅಲ್ಲಿಗೆ ಬಂತು. ಜಾಲರಿಯ ಕಿಂಡಿಯಲ್ಲಿ ಒಂದೊಂದೇ ಕಂಡವು. ನೀರಿನ ಟ್ಯಾಂಕು. ಸಾಲು ಮನೆಗಳ ತಗಡಿನ ಸೂರು. ಅಪ್ಪನನ್ನು ಹೂತ ದಿಬ್ಬ. ಹೋದ ತಿಂಗಳು ತಾನೇ ಬಗ್ಗಿ ಬಿತ್ತನೆ ಕಬ್ಬು ಊರಿದ ಗದ್ದೆ, ಆಗಲೇ ಮೊಳಕೆ ಹಸಿರು. ಕ್ರಾಸಿನಲ್ಲಿ ಬಾಳೆಕಾಯಿ ಕರಿದು ಮಾರುವ ತೋಮಾಸಾ ಬಾಣಲೆಯ ಮುಂದೆ ಕೂತಿದ್ದಳು.

"ಇಳಿಸ್ರೋ! ನನ್ನ ಮನೆ ಇದು! ಇಲ್ಲೇ ಇಳಿಸ್ರೋ!" ಮರ್ಸೀಲಿಯಾ ಜಾಲರಿ ಗುದ್ದಿದಳು. ಲಾರಿ ವೇಗ ಹೆಚ್ಚಿಸಿತು. ತೋಮಾಸಾ ತಲೆಯೆತ್ತಿ ನೋಡಿದಳು. ಎದ್ದಳು. ಎಣ್ಣೆಯ ಸೌಟು ಹಿಡಿದುಕೊಂಡೇ ಓಡಿದಳು.

"ಇಸೀದ್ರೋ ಕೊಟ್ಟುಬಿಟ್ಟ ಕಣೇ ತೋಮಾಸಾ! ಇಸೀದ್ರೋ!"

ದಪ್ಪ ಹೆಂಗಸು ಎಷ್ಟು ದೂರ ಓಡಿಯಾಳು. ದೂಳಿನಲ್ಲಿ ನಿಂತುಬಿಟ್ಟಳು.

*

ಗಡಿಯ ಗೇಟಿನ ಹತ್ತಿರ ಒಂದು ಮೇಜು. ಮೇಜಿನ ಮೇಲೆ ಬೆರಳಚ್ಚಿನ ಯಂತ್ರ. ಸಾಲಾಗಿ ಬರಬೇಕು. ಹೆಬ್ಬೆಟ್ಟು ಒತ್ತಬೇಕು. ಯಂತ್ರ ಒಮ್ಮೆ ಬೆರಳು ನುಂಗಿತೆಂದರೆ ಕಂಪ್ಯೂಟರಿನಲ್ಲಿ ನೀನು ಹೊರದೇಶದವನು. ಗಾರೆಯವನು ಒತ್ತಿದ. ಉಚ್ಚೆ ಮಾಡಿಕೊಂಡ ಹುಡುಗಿ ಒತ್ತಿದಳು.

ಸೊಲಾಂಜ್‌ಳ ಸರದಿ ಬಂತು. ಮೇಜಿನ ಹಿಂದಿನ ಅಧಿಕಾರಿ ಅವಳ ಹೆಬ್ಬೆರಳನ್ನು ಯಂತ್ರಕ್ಕೆ ಒತ್ತಿಸಿದ. ಯಂತ್ರ ಕೆಂಪು ದೀಪ ತೋರಿಸಿತು. ಬೆರಳನ್ನು ಬಟ್ಟೆಯಿಂದ ಒರೆಸಿ ಒತ್ತಿಸಿದ. ಕೆಂಪು. ಇನ್ನೊಂದು ಕೈ. ಹತ್ತೂ ಬೆರಳು. ಕೆಂಪು.

"ಏನಿದು? ಈ ಮುದುಕಿಗೆ ಬೆರಳಲ್ಲಿ ಗೆರೆಯೇ ಇಲ್ಲ!"

ಇರಲಿಲ್ಲ. ಹನ್ನೆರಡನೇ ವಯಸ್ಸಿಗೆ ಸಕ್ಕರೆ ಕಂಪನಿಯವರು ಅವಳನ್ನು ಅಪ್ಪನ ಜೊತೆ ಇದೇ ಗೇಟಿನಿಂದ ಲಾರಿಯಲ್ಲಿ ತುಂಬಿ ತಂದಿದ್ದರು. ಆಗ ಯಾರೂ ಕಾಗದ ಕೇಳಲಿಲ್ಲ. ಐವತ್ತು ವರ್ಷ ಕಬ್ಬಿನ ಗರಿ ಸವರಿ, ಗೊಬ್ಬರ ಎರಚಿ, ಕತ್ತಿಯ ಹಿಡಿ ತಿಕ್ಕಿ ಆ ಬೆರಳುಗಳು ಹೊಳೆಯ ಕಲ್ಲಿನ ಹಾಗೆ ನುಣುಪಾಗಿದ್ದವು. ಆ ಗೆರೆಗಳೆಲ್ಲ ಸಕ್ಕರೆಯಲ್ಲಿ ಹೋಗಿದ್ದವು. ಯಾರ್ಯಾರೋ ಕಾಫಿಗೆ ಹಾಕಿಕೊಂಡು ಕುಡಿದಿದ್ದರು.

"ಬಿಡು ಅದನ್ನ. ಮುಂದಿನದು!"

ಮರ್ಸೀಲಿಯಾ ಮುಂದೆ ಬಂದಳು. ಮುಷ್ಟಿ ಬಿಗಿದಳು.

"ಬೆರಳು ಕೊಡು."

"ಕೊಡಲ್ಲ. ನನ್ನ ಕಾರ್ಡು ನಿಮ್ಮೋನ ಜೇಬಲ್ಲಿದೆ. ಅದನ್ನ ತಂದುಕೊಡು, ಆಮೇಲೆ ಮಾತಾಡು."

ಒಬ್ಬ ಸೈನಿಕ ಅವಳ ಮಣಿಕಟ್ಟು ಹಿಡಿದ. ಇನ್ನೊಬ್ಬ ಬೆರಳುಗಳನ್ನು ಬಿಡಿಸಲು ನೋಡಿದ. ಬಿಡಿಸಲಾಗಲಿಲ್ಲ. ಅವಳು ಹನ್ನೊಂದು ವರ್ಷದವಳಿದ್ದಾಗಿನಿಂದ ಕಬ್ಬಿನ ಕಟ್ಟು ಎತ್ತಿದವಳು. ಕಿರುಬೆರಳನ್ನು ಹಿಂದಕ್ಕೆ ತಿರುಚಿದ. ಲಟಕ್ಕೆಂದಿತು. ಅವಳ ಬಾಯಿಂದ ಎಂಥದೋ ದನಿ ಹೊರಟಿತು, ಮನುಷ್ಯರದ್ದಲ್ಲದ ದನಿ. ಹೆಬ್ಬೆರಳು ಮಾತ್ರ ಮುಷ್ಟಿಯೊಳಗೇ ಇತ್ತು. ಬಂದೂಕಿನ ಹಿಡಿಯಿಂದ ಗೆಣ್ಣಿನ ಮೇಲೆ ಹೊಡೆದ. ರಕ್ತ ಮೇಜಿನ ಮೇಲೆ ತೊಟ್ಟಿಕ್ಕಿತು. ಮುಷ್ಟಿ ತೆರೆಯಲಿಲ್ಲ.

ಸಾಲು ಉದ್ದವಿತ್ತು. ಇನ್ನೂ ಎರಡು ಲಾರಿ ಬಂದು ನಿಂತಿದ್ದವು. ಅಧಿಕಾರಿಗೆ ಊಟದ ಹೊತ್ತು ಮೀರಿತ್ತು.

"ಒದ್ದು ಆಚೆ ಹಾಕ್ರಯ್ಯ ಅದನ್ನ," ಅಂದ.

ಆಚೆ ಹಾಕಿದರು. ಗೇಟು ಮುಚ್ಚಿತು.

*

ಆಚೆ ಬದಿಯಲ್ಲಿ ಸುಣ್ಣದ ಕಲ್ಲಿನ ಬಿಳಿ ದೂಳು. ಅಂಗಡಿ ಸಾಲು. ಸೊಲಾಂಜ್ ಒಂದು ಹುಡುಗಿಯನ್ನು ನೀರು ಕೇಳಿದಳು. ಕೇಳಿದ ಮಾತು ಅವಳ ತಾಯಿನುಡಿಯೇ, ಆದರೆ ಐವತ್ತೆಂಟು ವರ್ಷದ ಹಿಂದಿನದು, ಕೇರಿಯ ಗಾಳಿ ಬೆರೆತದ್ದು. ಹುಡುಗಿ ನಕ್ಕಳು. "ದೊಮಿನಿಕನ್ ಅಜ್ಜಿ ಬಂದಿದಾಳೆ ಬನ್ರೇ," ಎಂದು ಗೆಳತಿಯರನ್ನು ಕೂಗಿದಳು. ನೀರನ್ನೇನೋ ಕೊಟ್ಟಳು.

"ನಿನ್ನ ಊರು ಯಾವುದವ್ವ?" ಮರ್ಸೀಲಿಯಾ ಕೇಳಿದಳು.

"ಹೆಸರು ಮರೆತೋಗಿದೆ ಕಣೆ. ಒಂದು ಹುಣಸೇಮರ ಇತ್ತು." ನೀರು ಕುಡಿದು ಮುಗಿಸಿ ಅಂದಳು, "ನಮ್ಮೂರಿಗೆ ಹೋಗಾಣ ನಡಿ." ಅಂದರೆ ಕೇರಿಗೆ.

ಗುರುವಾರ ಸಂತೆಗೆಂದು ಗೇಟು ತೆರೆಯಿತು. ಸಾವಿರಾರು ಹೆಂಗಸರು ಮೂಟೆ ಹೊತ್ತು ಒಳನುಗ್ಗಿದರು. ಸಂತೆಯ ದಿನ ಯಾರೂ ಯಾರ ದೇಶವನ್ನೂ ಕೇಳುವುದಿಲ್ಲ. ಮೂಟೆ ಬೇಕಲ್ಲ. ಒಬ್ಬ ವ್ಯಾಪಾರದವಳು ಮರ್ಸೀಲಿಯಾಳ ತಲೆಗೆ ಬೆಳ್ಳುಳ್ಳಿ ಮೂಟೆ ಏರಿಸಿದಳು. ಮಗಳ ಲಂಗದ ಚುಂಗು ಹಿಡಿದು ಸೊಲಾಂಜ್ ನಡೆದಳು. ಹೀಗೆ ತಮ್ಮ ದೇಶದೊಳಕ್ಕೆ ಬಂದರು, ಕಳ್ಳರ ಹಾಗೆ.

ಅಲ್ಲಿಂದ ಇದ್ದಿಲ ಗಾಡಿಯೊಂದರ ಮೇಲೆ ಸ್ವಲ್ಪ ದೂರ. ಆಮೇಲೆ ಗದ್ದೆ ದಾರಿ. ಮುಖ್ಯ ರಸ್ತೆಗೆ ಕಾಲಿಡುವ ಹಾಗಿರಲಿಲ್ಲ. ಮುರಿದ ಬೆರಳಿಗೆ ಕಬ್ಬಿನ ಸಿಬಿರು ಕಟ್ಟಿಕೊಂಡು, ಅವ್ವನನ್ನು ಒಮ್ಮೆ ನಡೆಸುತ್ತ, ಒಮ್ಮೆ ಬೆನ್ನ ಮೇಲೆ ಹೊತ್ತು, ನಾಲ್ಕು ದಿನಕ್ಕೆ ಕೇರಿ ಮುಟ್ಟಿದಳು. ತೋಮಾಸಾ ಅವಳನ್ನು ತಬ್ಬಿಕೊಂಡು ಬೈದಳು, ಅತ್ತಳು, ಮತ್ತೆ ಬೈದಳು.

*

ಮುಂದಿನ ಭಾನುವಾರ ಇಸೀದ್ರೋ ಬಂದ. ಒಂದು ಕೈಯಲ್ಲಿ ಅವರ ಚೀಲ, ಇನ್ನೊಂದರಲ್ಲಿ ಕಿತ್ತಳೆ ಹಣ್ಣು. ಬಾಗಿಲಲ್ಲೇ ನಿಂತ.

"ನನ್ನ ಬಸ್ಸು ಹಿಡೀತಿದ್ರು ಅಕ್ಕ. ನನಗೂ ಮೂರು ಮಕ್ಕಳಿದಾವೆ."

"ಎರಡು ಕಡಿಮೆ ಬಿದ್ದಿತ್ತು, ಅಲ್ವಾ?"

ಅವನು ಹಣ್ಣು ಕೆಳಗಿಡಲು ಬಗ್ಗಿದ.

"ನನ್ನ ಮುಖ ನೋಡಿ ಹೇಳು. ಭಾನುವಾರ ನೀನು ಇಲ್ಲಿಗೆ ಬಂದಾಗ ಎರಡು ಕಡಿಮೆ ಬಿದ್ದಿತ್ತು, ಅಲ್ವಾ?"

"ಗಡಿ ದಾಟಿಸ್ತಾರೆ ಅಷ್ಟೇ, ನೀವು ವಾಪಸ್ ಬರ್ತೀರಿ ಅಂತ ನನಗೆ ಗೊತ್ತಿತ್ತು ಅಕ್ಕ. ಎಲ್ಲರೂ ಬರ್ತಾರೆ."

ಒಳಗಿನಿಂದ ಸೊಲಾಂಜ್ ಅಂದಳು, "ಮರ್ಸೀ, ಹುಡುಗನಿಗೆ ಕಾಫಿ ಕೊಡೆ."

ಕೇರಿಯಲ್ಲಿ ಬಾಗಿಲಿಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದಿಲ್ಲ. ಹೆಣದ ಮನೆಯಲ್ಲೂ ಕೊಡುತ್ತಾರೆ. ಮರ್ಸೀಲಿಯಾ ಒಲೆಯ ಮೇಲಿನ ಪಾತ್ರೆ ತಗೊಂಡು ಬಂದಳು. ಅವನ ಕಾಲ ಮುಂದೆ ನೆಲಕ್ಕೆ ಸುರಿದಳು, ಕೊನೆಯ ಹನಿಯವರೆಗೆ.

"ಕುಡಿದು ಹೋಗು."

ಅವನು ಚೀಲವಿಟ್ಟು ಹೋದ. ಅವ್ವ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದಳು. "ಎದೆಹಾಲು ಕುಡಿದ ಕೂಸು," ಅನ್ನುತ್ತಿದ್ದಳು. ಅದು ಮರ್ಸೀಲಿಯಾಳಿಗೆ ಬೆರಳು ಮುರಿದದ್ದಕ್ಕಿಂತ ಹೆಚ್ಚು ನೋಯಿತು. ತಾನು ಕುಡಿದದ್ದು ಅವನು ಬಿಟ್ಟ ಹಾಲು.

ಕಾರ್ಡಿನ ಕಚೇರಿಗೆ ಹೋದಳು. ಕಳೆದುಹೋಯಿತು, ಇನ್ನೊಂದು ಕೊಡಿ ಎಂದಳು. ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿದ. ಅವಳ ಹೆಸರಿನ ಮೇಲೆ ಯಾವ ಗುರುತೂ ಇರಲಿಲ್ಲ. ಗಡಿಯ ಯಂತ್ರಕ್ಕೆ ಅವಳು ಸಿಕ್ಕಿರಲಿಲ್ಲವಲ್ಲ. ಮೂರು ವಾರಕ್ಕೆ ಹೊಸ ಕಾರ್ಡು ಬಂತು. ಗಾರೆಯವನದು ಏನಾಯಿತೆಂದು ವಿಚಾರಿಸಿದಳು. ಅವನೂ ಇಲ್ಲಿಯೇ ಹುಟ್ಟಿದವನಂತೆ, ಯಂತ್ರಕ್ಕೆ ಬೆರಳು ಕೊಡುವವರೆಗೆ. ಈಗಲ್ಲ.

ಆಸ್ಪತ್ರೆಯವರು ಇನ್ನೊಂದು ದಿನ ಕೊಟ್ಟರು. ಐದು ತಿಂಗಳಾಚೆ.

*

ಆ ದಿನ ಕ್ರಾಸಿನಲ್ಲಿ ಒಂಬತ್ತು ಹೆಂಗಸರು ನಿಂತಿದ್ದರು, ಸೊಲಾಂಜ್ ಸೇರಿ. ಉಳಿದ ಎಂಟು ಜನಕ್ಕೂ ಕಾರ್ಡಿತ್ತು. ಎರಡು ಬಸ್ಸು ಬಂದವು. ಮರ್ಸೀಲಿಯಾ ಕೈ ತೋರಿಸಲಿಲ್ಲ.

"ಅವನ ಬಸ್ಸೇ ಯಾಕೆ ಬೇಕು ನಿನಗೆ?" ತೋಮಾಸಾ ಕೇಳಿದಳು.

"ಅದೇ ಬೇಕು."

ಇಸೀದ್ರೋನ ಬಸ್ಸು ಬಂತು. ಅವರು ಹತ್ತಿ ಮುಂದಿನ ಸೀಟುಗಳಲ್ಲಿ ಕೂತರು. ಮರ್ಸೀಲಿಯಾ ಡ್ರೈವರನ ಬೆನ್ನಿಗೇ ಕೂತಳು. ಇಸೀದ್ರೋ ತಿರುಗಿ ನೋಡಿದ.

"ಅಕ್ಕ, ಹಿಂದೆ ಜಾಗ ಇದೆ..."

"ಓಡಿಸು."

ಚೆಕ್‌ಪೋಸ್ಟಿನಲ್ಲಿ ಸೈನಿಕ ಹತ್ತಿದ. ಅಭ್ಯಾಸದಂತೆ ನೆಟ್ಟಗೆ ಹಿಂದಕ್ಕೆ ನಡೆದ. ಅಲ್ಲಿ ತಿಳಿಬಣ್ಣದ ಗಂಡ ಹೆಂಡತಿ ಕೂತಿದ್ದರು. ತಲೆ ಕೆರೆದುಕೊಂಡು ಮುಂದೆ ಬಂದ.

"ಓಹೋ, ಇಲ್ಲಿದೀರಾ. ಇಳೀರಿ."

"ಇಳಿಯಲ್ಲ," ಮರ್ಸೀಲಿಯಾ ಅಂದಳು.

"ಕಾರ್ಡು ಕೊಡು."

"ಕೈಗೆ ಕೊಡಲ್ಲ. ಕಣ್ಣಲ್ಲಿ ನೋಡು. ಅದೂ ಈಗಲ್ಲ. ಹಿಂದಿನ ಸೀಟಿಂದ ಶುರು ಮಾಡು. ಎಲ್ಲರನ್ನೂ ಕೇಳ್ಕೊಂಡು ಬಾ. ನಮ್ಮ ಸರದಿ ಬಂದಾಗ ತೋರಿಸ್ತೀವಿ."

ಹಿಂದಿನಿಂದ ಆ ಹೆಂಡತಿ ಕೂಗಿದಳು, "ನನ್ನ ಯಾಕೆ ಕೇಳಬೇಕು? ನಾನೇನು ಹೈತಿಯೋಳಾ? ನನ್ನ ಕಾರ್ಡು ಮನೇಲಿದೆ!"

"ಹಂಗಾದ್ರೆ ಇಳಿ ತಾಯಿ," ಅಂದಳು ತೋಮಾಸಾ. "ಲಾರಿ ಗಾಳಿ ಚೆನ್ನಾಗಿರುತ್ತೆ. ಮೇಲೆ ತಗಡಿಲ್ಲ."

ಸೈನಿಕ ಮರ್ಸೀಲಿಯಾಳ ತೋಳು ಹಿಡಿದು ಎಳೆದ. ಹೆಂಗಸರು ತೋಳಿಗೆ ತೋಳು ಹೆಣೆದರು. ಒಬ್ಬಳನ್ನು ಎಳೆದರೆ ಎಂಟು ಜನ ಬರಬೇಕು. ಇನ್ನಿಬ್ಬರು ಹತ್ತಿದರು. ತೋಮಾಸಾಳ ಜಡೆ ಹಿಡಿದು ಜಗ್ಗಿದರು. ಅವಳ ತಲೆ ಸೀಟಿನ ಕಂಬಿಗೆ ಬಡಿಯಿತು. ಹಣೆ ಒಡೆಯಿತು. ಹೆಣಿಗೆ ಬಿಚ್ಚಲಿಲ್ಲ. ಸೊಲಾಂಜ್ ನಡುವೆ ಕಣ್ಣು ಮುಚ್ಚಿ ಕೂತಿದ್ದಳು.

ಇಸೀದ್ರೋ ಕೈ ಮುಗಿದ. "ಅಕ್ಕ, ಇಳಿದುಬಿಡು. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

ಮರ್ಸೀಲಿಯಾ ತೋಳಿನ ಹೆಣಿಗೆ ಇನ್ನಷ್ಟು ಬಿಗಿ ಮಾಡಿದಳು. ಅವನ ಜೊತೆ ಮತ್ತೆಂದೂ ಮಾತಾಡಲಿಲ್ಲ.

ಒಂದೂವರೆ ಗಂಟೆ ಬಸ್ಸು ಅಲ್ಲೇ ನಿಂತಿತು. ಹಿಂದೆ ವಾಹನಗಳ ಸಾಲು ಬೆಳೆಯಿತು. ಹಾರ್ನುಗಳು ಅರಚಿದವು. ಆ ಸಾಲಿನಲ್ಲಿ ಕಡಲ ದಂಡೆಗೆ ಹೊರಟ ಪ್ರವಾಸಿಗಳ ಎರಡು ಬಸ್ಸಿದ್ದವು. ಕೆಂಪು ಮೂತಿಯ ಪರದೇಶಿಗಳು ಇಳಿದು ಬಂದು ಫೋನೆತ್ತಿ ಹಿಡಿದರು. ಆಗ ಅಧಿಕಾರಿ ಕೊಠಡಿಯಿಂದ ಹೊರಗೆ ಬಂದ. ಫೋನುಗಳನ್ನು ನೋಡಿದ. "ತೊಲಗಿಸ್ರಯ್ಯ ಇವರನ್ನ," ಅಂದ. ನ್ಯಾಯಕ್ಕೆ ಹೆದರಿ ಬಿಟ್ಟದ್ದಲ್ಲ. ಎಂಟು ಕಾರ್ಡಿನಲ್ಲಿ ಒಂದನ್ನೂ ಯಾರೂ ಓದಲಿಲ್ಲ.

ಆಸ್ಪತ್ರೆ ಮುಚ್ಚುವ ಹೊತ್ತಿಗೆ ತಲುಪಿದರು. ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಪೊರೆ ಬಲಿತು ಒತ್ತಡ ಏರಿ ಬಲಗಣ್ಣು ಸತ್ತಿದೆ ಎಂದರು. "ಆರು ತಿಂಗಳ ಹಿಂದೆ ದಿನ ಕೊಟ್ಟಿದ್ದೆವಲ್ಲ, ಆಗ ಬಂದಿದ್ದರೆ ಉಳೀತಿತ್ತು. ಯಾಕೆ ಬರಲಿಲ್ಲ?"

ಮರ್ಸೀಲಿಯಾ ಆಸ್ಪತ್ರೆಯ ಹಳೇ ಕಾಗದವನ್ನು ಮೇಜಿನ ಮೇಲಿಟ್ಟಳು. ಎಲ್ಲಿಂದ ಶುರು ಮಾಡುವುದು?

ಎಡಗಣ್ಣಿಗೆ ಆಪರೇಷನ್ ಆಯಿತು. ಮೂರನೇ ದಿನ ಪಟ್ಟಿ ಬಿಚ್ಚಿದರು. ಸೊಲಾಂಜ್ ಮಗಳ ಮುಖ ನೋಡಿದಳು. ಆಮೇಲೆ ಅವಳ ಕೈ ತಗೊಂಡು, ಡೊಂಕಾಗಿ ಕೂಡಿಕೊಂಡ ಕಿರುಬೆರಳನ್ನು ಬಹಳ ಹೊತ್ತು ನೋಡಿದಳು. ಇಸೀದ್ರೋನ ಹೆಸರನ್ನು ಆಮೇಲೆ ಎತ್ತಲಿಲ್ಲ.

ಆಸ್ಪತ್ರೆಯ ಅಂಗಳದಲ್ಲೇ ಕಾದಿದ್ದ ಹೆಂಗಸರೊಂದಿಗೆ ಬೇರೆ ಬಸ್ಸು ಹಿಡಿದು ಊರಿಗೆ ಹೊರಟರು. ಸೊಲಾಂಜ್ ಕಿಟಕಿಯ ಪಕ್ಕ ಕೂತು ಒಂದೇ ಕಣ್ಣಿನಲ್ಲಿ ಎಲ್ಲವನ್ನೂ ನೋಡುತ್ತ ಬಂದಳು. ಚೆಕ್‌ಪೋಸ್ಟು ಹತ್ತಿರವಾಯಿತು. ಹೆಂಗಸರು ತಮಗರಿವಿಲ್ಲದೆಯೇ ತೋಳಿಗೆ ತೋಳು ಸೇರಿಸಿದರು. ಸೈನಿಕರು ನೆರಳಲ್ಲಿ ಕೂತು ಡಾಮಿನೋ ಬಿಲ್ಲೆ ಆಡುತ್ತಿದ್ದರು. ಒಬ್ಬ ತಲೆ ಕೂಡ ಎತ್ತದೆ, ಹೋಗಿ ಹೋಗಿ ಎಂದು ಕೈಬೀಸಿದ.

"ಯಾಕೆ ನಿಲ್ಲಿಸಲಿಲ್ಲ?" ಸೊಲಾಂಜ್ ಕೇಳಿದಳು.

"ನಾವು ಗಡಿ ಕಡೆ ಹೋಗ್ತಾ ಇದೀವಲ್ಲವ್ವ," ಅಂದಳು ಮರ್ಸೀಲಿಯಾ. "ಈ ಕಡೆ ಹೋಗೋಕೆ ನಮ್ಮನ್ನ ಯಾರೂ ತಡೆಯಲ್ಲ."